ರೂಲ್ ಒಂದೇ, ಬಸ್ಸು ಬೇರೆ

ದಾವಣಗೆರೆಯಿಂದ ಹರಿಹರದ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಗಾರ್ಮೆಂಟ್ಸ್‌ನಲ್ಲಿ ನಾನು ಫ್ಲೋರ್ ಮ್ಯಾನೇಜರ್. 38 ಜನ ಕೆಲಸಗಾರರು, ಅದರಲ್ಲಿ 26 ಹೆಣ್ಣುಮಕ್ಕಳು. ಆಡಿಟ್‌ನವರು ಬಂದಾಗೆಲ್ಲ ಈ 26 ಅನ್ನೋದನ್ನ ಜೋರಾಗಿ ಹೇಳುತ್ತಿದ್ದೆ. ಅವರ ಫಾರ್ಮಿನಲ್ಲಿ ಹೆಂಗಸರು ಎಷ್ಟು, ವಿಕಲಚೇತನರು ಎಷ್ಟು ಅಂತ ಕಾಲಂ ಇರುತ್ತೆ, ಆದರೆ ಬೋನಸ್ ಯಾರ ಕೈಗೆ ಹೋಯ್ತು ಅನ್ನೋದಕ್ಕೆ ಕಾಲಂ ಇರಲ್ಲ.

ತಿಂಗಳಿಡೀ 8:30ಕ್ಕೆ ಪಂಚ್ ಮಾಡಿದವರಿಗೆ 600 ರೂಪಾಯಿ ಹಾಜರಿ ಬೋನಸ್. ಎಲ್ಲರಿಗೂ ಒಂದೇ ರೂಲ್, ಭೇದಭಾವ ಇಲ್ಲ ಅಂತ ನಾನೇ ಬರೆದು ಬೋರ್ಡಿಗೆ ಅಂಟಿಸಿದ್ದೆ. ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿದ್ದವರು. ಸೈರನ್ ಕೂಗಿದ ಮೇಲೆ ಮನೆ ಬಿಟ್ಟರೂ ಸಾಕಾಗುತ್ತಿತ್ತು, ಅಷ್ಟು ಹತ್ತಿರ. ನನ್ನ ತಲೆಯಲ್ಲೂ ಅದೇ ಲೆಕ್ಕ ಕೂತಿತ್ತು ಅನಿಸುತ್ತೆ.

ಒಂದಿನ ಕಾಲರ್ ಹೊಲಿಯುವ ಅಕ್ಕ ಸಂಬಳದ ಚೀಟಿ ಹಿಡಿದು ಬಂದರು. ಜಗಳೂರು ಕಡೆ ಹಳ್ಳಿಯವರು. "ಸರ್, ರೂಲ್ ಒಂದೇ ಖರೆ, ಬಸ್ ಒಂದೇ ಅಲ್ವಲ್ರೀ" ಅಂದರು. ಅವರ ಊರಿನ ಮೊದಲ ಬಸ್ಸು ದಾವಣಗೆರೆ ಮುಟ್ಟಿ, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಗೇಟಿಗೆ ಬರುವಷ್ಟರಲ್ಲಿ 8:50. ರಿಜಿಸ್ಟರ್ ತೆಗೆದು ನೋಡಿದೆ. ಹಳ್ಳಿಯಿಂದ ಬರುವ 14 ಹೆಂಗಸರಲ್ಲಿ ಒಬ್ಬರಿಗೂ ಒಂದು ವರ್ಷದಿಂದ ಬೋನಸ್ ಬಂದಿಲ್ಲ. ಊರೊಳಗಿನ ಹುಡುಗರಿಗೆ ಹೆಚ್ಚುಕಡಿಮೆ ಪ್ರತಿ ತಿಂಗಳೂ ಬಂದಿದೆ.

ಅವರನ್ನ ಅರ್ಧ ತಾಸು ಲೇಟಾಗಿ ಬಿಡೋಣ ಅಂದರೆ ಸಂಜೆ ಬಸ್ಸು ತಪ್ಪುತ್ತೆ. ಕೊನೆಗೆ ಊಟದ ಹೊತ್ತಿಗೆ ಕೈ ಹಾಕಿದೆವು. ನಮ್ಮಲ್ಲಿ ಒಂದು ತಾಸು ಊಟ ಇತ್ತು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಕೇಳುತ್ತಿದ್ದದ್ದು, ಐದು ತಾಸಿನೊಳಗೆ ಕನಿಷ್ಠ ಅರ್ಧ ತಾಸು ಬಿಡುವು. ಹಾಗಾಗಿ ಬೇಕಾದವರು 9ಕ್ಕೆ ಬಂದು, ಅರ್ಧ ತಾಸು ಊಟ ಮಾಡಿ, ಎಲ್ಲರ ಜೊತೆ 5:30ಕ್ಕೆ ಹೋಗಬಹುದು ಅಂತ ಮಾಡಿದೆ. ಕೆಲಸ ಎಲ್ಲರಿಗೂ ಎಂಟೇ ತಾಸು. ಲೈನ್ ನಿಲ್ಲುತ್ತೆ ಅನ್ನೋ ಭಯ ಇತ್ತು, ಯಾಕಂದ್ರೆ ಕಾಲರ್ ಬರದೆ ಶರ್ಟ್ ಮುಂದೆ ಹೋಗಲ್ಲ. ಹಿಂದಿನ ಸಂಜೆಯೇ ಒಂದಿಷ್ಟು ಕಾಲರ್ ಬಂಡಲ್ ಕಟ್ಟಿಟ್ಟರೆ ಆಯ್ತು, ಸುಮ್ನೆ ಹೆದರಿದ್ದೆ.

ಜಗಳ ಬೇರೆ ಕಡೆಯಿಂದ ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಗಿತ್ತಲ್ಲ, "ಅವರಿಗೆ ಬಸ್ಸೂ ಫ್ರೀ, ಈಗ ಲೇಟೂ ಫ್ರೀ" ಅಂತ ಕಟಿಂಗ್ ಸೆಕ್ಷನ್ ಹುಡುಗರು ಸಿಡಿಮಿಡಿ. ನಿಮಗೂ ಬೇಕಾ, ಊಟ ಅರ್ಧ ತಾಸು ಮಾಡ್ಕೊಳ್ರಪ್ಪ ಅಂದೆ. ಒಬ್ಬನೂ ಬರಲಿಲ್ಲ.

ಇನ್ನೊಬ್ಬ ತಂಗಿಗೆ ಪೋಲಿಯೋದಿಂದ ಬಲಗಾಲಲ್ಲಿ ಶಕ್ತಿ ಇಲ್ಲ. ಎಲ್ಲರಿಗೂ ಕೊಟ್ಟಂಥದ್ದೇ ಮಷಿನ್ ಕೊಟ್ಟು, ಆಮೇಲೆ ಪ್ರೊಡಕ್ಷನ್ ಕಡಿಮೆ ಅಂತ ಬೈದದ್ದೂ ನಾನೇ. ಮೆಕ್ಯಾನಿಕ್ ಬಂದು ಪೆಡಲ್ಲಿನ ರಾಡನ್ನ ಎಡಕ್ಕೆ ಸರಿಸಿ ವೆಲ್ಡ್ ಮಾಡಿದ. ಬಟ್ಟೆ ಒತ್ತಿ ಹಿಡಿಯುವ ಪಾದವನ್ನ ಎತ್ತೋಕೆ ಬಲ ಮೊಣಕಾಲಿಂದ ಒತ್ತುವ ಲಿಫ್ಟರ್ ಬಿಚ್ಚಿಟ್ಟು, ಹಿಂದಿನ ಕೈ ಲಿವರ್ ಬಳಸಲು ಹೇಳಿಕೊಟ್ಟ. ಅರ್ಧ ದಿನದ ಕೆಲಸ ಅಷ್ಟೇ. ಅಂಥ ಹೊಂದಾಣಿಕೆ ಮಾಡಿಕೊಡದೆ ಇರುವುದೂ ತಾರತಮ್ಯವೇ ಅಂತ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿದೆ. ನನಗೆ ಗೊತ್ತಾಗಿದ್ದು ಬೈದ ಮೇಲೆ.

ಸೂಪರ್‌ವೈಸರ್ ಮೂವರೂ ಇವತ್ತಿಗೂ ಗಂಡಸರೇ. ಓವರ್‌ಟೈಮ್ ನಿಂತವರಿಗೇ ಆ ಪೋಸ್ಟ್ ಅಂತ ಎಲ್ಲೂ ಬರೆದಿಲ್ಲ, ಆದರೆ ನಡೆಯೋದು ಹಾಗೇ. ಓವರ್‌ಟೈಮ್ ಬಿಟ್ಟು ರಿಜೆಕ್ಷನ್, ಅಂದರೆ ಹೊಲಿಗೆ ಸರಿಯಿಲ್ಲ ಅಂತ ತೆಗೆದಿಟ್ಟ ಪೀಸು, ಎಷ್ಟಿದೆ ನೋಡಿ ಆರಿಸೋಣ ಅಂತ ಓನರ್‌ಗೆ ಹೇಳಿ, ಕಾಲರ್ ಅಕ್ಕನ ಹೆಸರು ಮೊದಲು ಬರೆದುಕೊಟ್ಟಿದ್ದೇನೆ. "ನೋಡೋಣ ಬಿಡ್ರಿ" ಅಂದಿದ್ದಾರೆ.