ಕೊನೆಯ ಪುಟಗಳಿಂದ ಶುರುವಾದ ಕೆಲಸ: ಕೊಡಗಿನ ಸಂಶೋಧನಾ ಪತ್ರಿಕೆಯನ್ನು ಸೈಟೇಶನ್ ಇಂಡೆಕ್ಸ್‌ಗೆ ಅಣಿ ಮಾಡಿದ್ದು

ಕೊಡಗಿನ ಇತಿಹಾಸ, ಭಾಷೆ, ಜಾನಪದಕ್ಕೆ ಮೀಸಲಾದ ನಮ್ಮ ಅರ್ಧವಾರ್ಷಿಕ ಪತ್ರಿಕೆ ಮಡಿಕೇರಿಯಿಂದ ಹೊರಡುತ್ತದೆ. ಅದನ್ನು ಸೈಟೇಶನ್ ಇಂಡೆಕ್ಸ್‌ಗೆ ಸಿದ್ಧಪಡಿಸುವಾಗ ಮೊದಲು ಕೈಹಾಕಿದ್ದು ಪ್ರತಿ ಲೇಖನದ ಕೊನೆಯ ಪುಟಕ್ಕೆ, ಅಂದರೆ ಪರಾಮರ್ಶನ ಪಟ್ಟಿಗೆ. ಯಾವ ಲೇಖನ ಯಾವುದನ್ನು ಉಲ್ಲೇಖಿಸಿದೆ ಎಂದು ಈ ಪಟ್ಟಿಗಳನ್ನು ಒಂದಕ್ಕೊಂದು ಹೊಲಿದೇ ಸೂಚಿ ತಯಾರಾಗುವುದು. ಪಟ್ಟಿ ಹಾಳಾಗಿದ್ದರೆ ಒಳ್ಳೆಯ ಲೇಖನವೂ ಅಲ್ಲಿ ಕಾಣದು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಕೇರ್ ಪಟ್ಟಿಯನ್ನೇ ಸೈಟೇಶನ್ ಇಂಡೆಕ್ಸ್ ಎಂದುಕೊಂಡವರು ಇನ್ನೂ ಇದ್ದಾರೆ. ಅದು 2019ರಲ್ಲಿ ಬಂದ, ಗುಣಮಟ್ಟದ ಪತ್ರಿಕೆಗಳ ಪಟ್ಟಿ, ಉಲ್ಲೇಖ ಎಣಿಸುವ ವ್ಯವಸ್ಥೆಯಲ್ಲ. 2025ರ ಫೆಬ್ರವರಿಯಲ್ಲಿ ಯುಜಿಸಿ ಅದನ್ನು ಕೈಬಿಟ್ಟು, ಸಂಸ್ಥೆಗಳೇ ನೋಡಿಕೊಳ್ಳಲಿ ಎಂದು ಮಾನದಂಡಗಳನ್ನಷ್ಟೇ ಸೂಚಿಸಿತು. ಇಂಡಿಯನ್ ಸೈಟೇಶನ್ ಇಂಡೆಕ್ಸ್ ಬೇರೆ; ಅದು ಭಾರತದ ಪತ್ರಿಕೆಗಳ 2004ರಿಂದೀಚಿನ ಉಲ್ಲೇಖಗಳನ್ನು ಕಲೆಹಾಕುತ್ತದೆ. ಬ್ರೆಜಿಲ್‌ನ ಸೈಎಲೊ (SciELO), ರಷ್ಯಾ ಮತ್ತು ಕೊರಿಯಾದ ಸೂಚಿಗಳು ಹುಟ್ಟಿದ್ದೂ ಇದೇ ಕೊರತೆಯಿಂದ: ಸ್ಥಳೀಯ ಭಾಷೆಯ ಸಂಶೋಧನೆ ಅಂತರರಾಷ್ಟ್ರೀಯ ಸೂಚಿಗಳಾದ ವೆಬ್ ಆಫ್ ಸೈನ್ಸ್, ಸ್ಕೋಪಸ್‌ಗಳಲ್ಲಿ ಬಹಳ ಕಡಿಮೆ ಸಿಗುತ್ತದೆ.

ಈಗ ಪಟ್ಟಿಯ ವಿಷಯ. ಕೊಡಗಿನ ಶಾಸನ ಮುಟ್ಟಿದವರೆಲ್ಲ, ಬಿ.ಎಲ್. ರೈಸ್ ಶುರುಮಾಡಿದ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟವನ್ನು ಉಲ್ಲೇಖಿಸುತ್ತಾರೆ. ಒಬ್ಬರು ‘ಎ.ಕ. 1’ ಎನ್ನುತ್ತಾರೆ, ಇನ್ನೊಬ್ಬರು ‘ಕೂರ್ಗ್ ಇನ್‌ಸ್ಕ್ರಿಪ್ಷನ್ಸ್’, ಮತ್ತೊಬ್ಬರು ‘ರೈಸ್, ಕೊಡಗಿನ ಶಾಸನಗಳು’. ಆವೃತ್ತಿಗಳೂ ಮೂರು: ರೈಸ್ ಅವರ 1886ರದು, 1914ರ ಪರಿಷ್ಕೃತ, ಮೈಸೂರು ವಿಶ್ವವಿದ್ಯಾನಿಲಯದ 1972ರದು. ವರ್ಷ ಬಿಟ್ಟರೆ ಪುಟಸಂಖ್ಯೆಗೂ ಬೆಲೆಯಿಲ್ಲ. ನಾವು ಪದೇ ಪದೇ ಬರುವ ಆಕರಗಳಿಗೆಲ್ಲ ಒಂದೇ ಸಿದ್ಧರೂಪ ಬರೆದಿಟ್ಟು, ಲೇಖಕರಿಗೆ ಮೊದಲೇ ಕಳುಹಿಸುತ್ತೇವೆ. ‘ಅದೇ’, ‘ಪೂರ್ವೋಕ್ತ’ ಎಂಬವನ್ನು ಪೂರ್ತಿ ನಿಲ್ಲಿಸಿದೆವು. ಓದುಗರಿಗೆ ಅರ್ಥವಾಗುವ ‘ಅದೇ, ಪು. 42’ ಯಂತ್ರಕ್ಕೆ ಯಾವ ಪುಸ್ತಕವೂ ಅಲ್ಲ. ಒಂದು ಆಕರಕ್ಕೆ ಒಂದೇ ಸಾಲು, ನಡುವೆ ವಿವರಣೆ ಬೇಡ. ಮಾಹಿತಿ ಹೇಳಿದ ವಕ್ತೃಗಳ ಹೆಸರು, ಸಂದರ್ಶನದ ದಿನಾಂಕ ಇವೆಲ್ಲ ಬೇರೆ ತಲೆಬರಹದಡಿ.

ಕನ್ನಡ ಸಾಲಿನ ಕೆಳಗೆ ಅದನ್ನೇ ರೋಮನ್ ಲಿಪಿಯಲ್ಲಿ ಕೊಡುತ್ತೇವೆ. ಸ್ಕೋಪಸ್ ಪರಾಮರ್ಶನ ರೋಮನ್ ಲಿಪಿಯಲ್ಲೇ ಇರಬೇಕೆನ್ನುತ್ತದೆ, ಇಂಗ್ಲಿಷ್ ಸಾರಾಂಶವನ್ನೂ ಕೇಳುತ್ತದೆ. ಲಿಪ್ಯಂತರಕ್ಕೆ, ಭಾರತೀಯ ಲಿಪಿಗಳನ್ನು ರೋಮನ್ ಲಿಪಿಗೆ ತರುವ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 15919 ಕ್ರಮ ಹಿಡಿದೆವು. ಮನಸ್ಸಿಗೆ ಬಂದಂತೆ ಬರೆದರೆ ಒಂದೇ ಪುಸ್ತಕ ನಾಲ್ಕಾಗುತ್ತದೆ. ಕೊಡವರ ಭಾಷೆ ಕೊಡವ ತಕ್ಕ್‌ನ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ, ಬರೆಯುವವರು ಒಬ್ಬೊಬ್ಬರು ಒಂದೊಂದು ಗುರುತು ಹಾಕುತ್ತಾರೆ. ಅಂಥ ಕಡೆ ಪುಸ್ತಕದ ಮುಖಪುಟದಲ್ಲಿ ಇರುವುದನ್ನೇ ಇಟ್ಟುಕೊಳ್ಳಬೇಕು, ತಿದ್ದಬಾರದು.

ಹೆಸರುಗಳ ತೊಡಕು ಇದಕ್ಕಿಂತ ದೊಡ್ಡದು. ಕೊಡವರಲ್ಲಿ ಒಕ್ಕದ (ಮನೆತನದ) ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಸೂಚಿಯ ಯಂತ್ರ ಕೊನೆಯ ಪದವನ್ನೇ ಕುಲನಾಮ ಎಂದು ತೆಗೆದುಕೊಳ್ಳುತ್ತದೆ. ಒಮ್ಮೆ ಒಕ್ಕದ ಹೆಸರು ಪೂರ್ತಿ, ಇನ್ನೊಮ್ಮೆ ಬರೀ ಇನಿಷಿಯಲ್, ಮದುವೆಯ ನಂತರ ಗಂಡನ ಒಕ್ಕದ ಹೆಸರು — ಹೀಗೆ ಬರೆದ ಲೇಖಕಿ ಸೂಚಿಯಲ್ಲಿ ಮೂವರಾಗುತ್ತಾರೆ, ಅವರ ಉಲ್ಲೇಖಗಳೂ ಮೂರು ಪಾಲು. ಪರಿಹಾರ ಎರಡು: ಪ್ರತಿ ಲೇಖಕರಿಂದ ಸಂಶೋಧಕರ ಗುರುತಾದ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆ ಕೇಳುವುದು (ಉಚಿತ, ಐದು ನಿಮಿಷದ ಕೆಲಸ), ಮತ್ತು ಕುಲನಾಮ ಯಾವುದು, ಸ್ವಂತ ಹೆಸರು ಯಾವುದು ಎಂದು ಅವರಿಂದಲೇ ಫಾರ್ಮ್‌ನಲ್ಲಿ ಬರೆಸಿಕೊಳ್ಳುವುದು. ಒಕ್ಕದ ಹೆಸರನ್ನು ಹಿಂದಕ್ಕೆ ಹಾಕಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಹೆಸರಿನ ಕ್ರಮ ಅವರದು, ಅದನ್ನು ಸರಿಯಾಗಿ ತಿಳಿಸುವ ಹೊಣೆ ನಮ್ಮದು.

ಹಳೆಯ ಸಂಚಿಕೆಗಳು ಕನ್ನಡ ತಂತ್ರಾಂಶ ನುಡಿಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟ್‌ನಲ್ಲಿದ್ದವು. ಪಿಡಿಎಫ್ ನೋಡಲು ಚೆಂದ. ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿದರೆ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು. ಈ ಪರೀಕ್ಷೆ ಮಾಡದೆ ಯಾವ ಸಂಚಿಕೆಯನ್ನೂ ಅಪ್‌ಲೋಡ್ ಮಾಡಬೇಡಿ. ಯೂನಿಕೋಡಿಗೆ ಪರಿವರ್ತಿಸಿದ ಮೇಲೂ ಅರ್ಕಾವೊತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಒಡೆಯುತ್ತದೆ. ಕಣ್ಣಿಟ್ಟು ಓದಿ ತಿದ್ದದೆ ಗತಿಯಿಲ್ಲ. ಯೂನಿಕೋಡ್ ಪಿಡಿಎಫ್‌ನಲ್ಲೂ ಅಕ್ಷರ ಕಲಸಿಹೋಗುವುದುಂಟು. ಹಾಗಾಗಿ ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಪ್ರತಿ ಲೇಖನಕ್ಕೂ ಒಂದು ಪುಟ ಮಾಡಿ, ಶೀರ್ಷಿಕೆ, ಸಾರಾಂಶ, ಪರಾಮರ್ಶನವನ್ನು ಪಠ್ಯವಾಗಿಯೇ ತುಂಬುತ್ತೇವೆ.

ಪತ್ರಿಕೆ ಹೇಳಿದ ಸಮಯಕ್ಕೆ ಬರುತ್ತದೆಯೇ ಎಂದು ಸೂಚಿಯ ಆಯ್ಕೆದಾರರು ಮೊದಲೇ ನೋಡುತ್ತಾರೆ. ಜೂನ್–ಡಿಸೆಂಬರ್ ಎಂದು ಘೋಷಿಸಿಕೊಂಡಿದ್ದರಿಂದ ಎರಡೂ ತಪ್ಪುತ್ತಿದ್ದವು: ಜೂನ್‌ನಲ್ಲಿ ಮಳೆ, ಕರೆಂಟಿಲ್ಲ, ಕಾಗದ ತೇವ; ಡಿಸೆಂಬರ್‌ನಲ್ಲಿ ಸುಗ್ಗಿಹಬ್ಬ ಪುತ್ತರಿ, ಬೆನ್ನಿಗೇ ಕಾಫಿ ಕೊಯ್ಲು. ಈಗ ಮೇ ಮತ್ತು ನವೆಂಬರ್. ಮಳೆಗಾಲದ ಮೂರು ತಿಂಗಳು ಲೇಖನ ಪರಿಶೀಲನೆಗೆ ಹೇಳಿ ಮಾಡಿಸಿದಂತಿದೆ. ತಡವಾದದ್ದನ್ನು ಮುಚ್ಚಲು ‘ಸಂಯುಕ್ತ ಸಂಚಿಕೆ’ ತರುವ ಅಭ್ಯಾಸ ಬಿಡಲೇಬೇಕು. ಅದು ಅನಿಯಮಿತತೆಯ ಲಿಖಿತ ಸಾಕ್ಷಿ.

ಲೇಖಕರು, ಪರಿಶೀಲಕರು ಇಬ್ಬರ ಹೆಸರನ್ನೂ ಮರೆಮಾಡುವ ಪರಿಶೀಲನೆ ಸಣ್ಣ ಜಿಲ್ಲೆಯಲ್ಲಿ ಕಷ್ಟ. ಯಾವ ಐನ್‌ಮನೆಯ (ಒಕ್ಕದ ಮೂಲಮನೆಯ) ಬಗ್ಗೆ ಲೇಖನವೆಂದರೆ ಸಾಕು, ಬರೆದವರು ಯಾರೆಂದು ಗೊತ್ತಾಗುತ್ತದೆ. ಇಬ್ಬರು ಪರಿಶೀಲಕರಲ್ಲಿ ಒಬ್ಬರಾದರೂ ಮಂಗಳೂರು, ಮೈಸೂರು, ಹಂಪಿ ಅಥವಾ ಕಣ್ಣೂರಿನ ಕಡೆಯವರಿರಬೇಕೆಂದು ನಿಯಮ ಮಾಡಿಕೊಂಡೆವು. ವರ್ಡ್ ಕಡತದ ಪ್ರಾಪರ್ಟೀಸ್‌ನಲ್ಲಿ ಲೇಖಕರ ಹೆಸರು ಉಳಿದಿರುತ್ತದೆ, ಅಳಿಸಿ. ಲೇಖನ ಬಂದ, ತಿದ್ದಿದ, ಒಪ್ಪಿದ ದಿನಾಂಕಗಳು ಮೊದಲ ಪುಟದಲ್ಲಿ ಅಚ್ಚಾಗಲಿ. ಸಂಪಾದಕ ಮಂಡಲಿಯವರ ಬರಹಕ್ಕೂ ಮಿತಿ ಬೇಕು: ಯಾರೂ ಉಚಿತವಾಗಿ ಓದಬಹುದಾದ ಮುಕ್ತ ಪತ್ರಿಕೆಗಳ ಡೈರೆಕ್ಟರಿ ಡಿಒಎಜೆ, ಸಂಪಾದಕರು, ಮಂಡಲಿಯವರು, ಪರಿಶೀಲಕರು ಬರೆದ ಲೇಖನ ಇತ್ತೀಚಿನ ಎರಡು ಸಂಚಿಕೆಗಳ ಯಾವುದರಲ್ಲೂ ಶೇ. 25 ಮೀರಬಾರದೆನ್ನುತ್ತದೆ. ಎಂಟು ಲೇಖನಗಳಲ್ಲಿ ಎರಡು, ಅಷ್ಟೇ.

ಪತ್ರಿಕೆಯ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್ ಉಚಿತ, ಮುದ್ರಿತಕ್ಕೂ ಆನ್‌ಲೈನಿಗೂ ಬೇರೆ ಬೇರೆ. ಮುಖಪುಟ, ಜಾಲತಾಣ, ಅರ್ಜಿ ಮೂರರಲ್ಲೂ ಪತ್ರಿಕೆಯ ಹೆಸರು ಅಕ್ಷರಶಃ ಒಂದೇ ಇರಲಿ. ಹೆಸರನ್ನು ಗಣನೀಯವಾಗಿ ಬದಲಿಸಿದರೆ ಹೊಸ ಸಂಖ್ಯೆ ಪಡೆಯಬೇಕಾಗುತ್ತದೆ.

ಅರ್ಜಿಗೆ ಅವಸರ ಮಾಡಬೇಡಿ. ಒಮ್ಮೆ ತಿರಸ್ಕೃತವಾದರೆ ಮರು ಅರ್ಜಿಗೆ ವರ್ಷಗಟ್ಟಲೆ ಕಾಯಿಸುವ ಸೂಚಿಗಳಿವೆ. ಹೊಸ ಕ್ರಮದಲ್ಲಿ ನಾಲ್ಕು ಸಂಚಿಕೆ ಸರಿಯಾದ ತಿಂಗಳಲ್ಲೇ ಹೊರಬಂದ ಮೇಲಷ್ಟೇ ನಾವು ಅರ್ಜಿ ತುಂಬಿದ್ದು.