ಮೊಲದ ಟ್ರೇ ಅಭ್ಯಾಸ: ರೂಢಿಸುವ ಕ್ರಮ, ತಪ್ಪಿದಾಗ ಹುಡುಕಬೇಕಾದ ಕಾರಣ

ಮೂತ್ರ ವಿಸರ್ಜನೆಗೆ ಒಂದೆರಡು ಮೂಲೆಗಳನ್ನು ಗೊತ್ತುಮಾಡಿಕೊಳ್ಳುವುದು ಸಾಕು ಮೊಲದ ಸಹಜ ಗುಣ. ಆದ್ದರಿಂದ ಟ್ರೇ ಅಭ್ಯಾಸದಲ್ಲಿ, ಅಂದರೆ ಮಲಮೂತ್ರವನ್ನು ಒಂದು ಟ್ರೇಯಲ್ಲಿಯೇ ಮಾಡುವ ರೂಢಿಯಲ್ಲಿ, ನಾವು ಕಲಿಸಬೇಕಾದುದು ಕಡಿಮೆ, ಗಮನಿಸಬೇಕಾದುದು ಹೆಚ್ಚು. ಮೊಲವನ್ನು ಮನೆಗೆ ತಂದ ಮೊದಲ ದಿನಗಳಲ್ಲಿ ಇಡೀ ಮನೆಯನ್ನು ಅದಕ್ಕೆ ಬಿಟ್ಟುಕೊಡದೆ, ಗೂಡು ಮತ್ತು ಅದರ ಮುಂದೆ ಅಡ್ಡಗಟ್ಟಿದ ಸ್ವಲ್ಪ ಜಾಗದಲ್ಲಿ ಮಾತ್ರ ಓಡಾಡಲು ಬಿಟ್ಟು, ಅದು ಯಾವ ಮೂಲೆಯಲ್ಲಿ ಮೂತ್ರ ಮಾಡುತ್ತದೆ ಎಂಬುದನ್ನು ನೋಡಿ ಟ್ರೇಯನ್ನು ಅಲ್ಲಿಯೇ ಇಡಬೇಕು. ನಮಗೆ ಅನುಕೂಲವಾದ ಮೂಲೆಯಲ್ಲಿ ಟ್ರೇ ಇಟ್ಟು ಮೊಲ ಅಲ್ಲಿಗೇ ಬರಲಿ ಎಂದು ಹಟ ಹಿಡಿದರೆ ಸಾಮಾನ್ಯವಾಗಿ ಗೆಲ್ಲುವುದು ಮೊಲವೇ.

ಅಂಗಡಿಗಳಲ್ಲಿ ಮೊಲಕ್ಕೆಂದೇ ಮಾರುವ ಮುಕ್ಕೋನದ ಪುಟ್ಟ ಟ್ರೇಗಳು ಬೆಳೆದ ಮೊಲಕ್ಕೆ ಸಾಲುವುದಿಲ್ಲ. ಅದು ಒಳಗೆ ಪೂರ್ತಿ ಕುಳಿತು ಆರಾಮವಾಗಿ ತಿರುಗುವಷ್ಟು ಅಗಲವಾದ ಸಾಧಾರಣ ಪ್ಲಾಸ್ಟಿಕ್ ಟಬ್ಬೇ ಮೇಲು. ಮೊಲವು ಹುಲ್ಲು ಮೆಲ್ಲುತ್ತಲೇ ಹಿಕ್ಕೆ ಹಾಕುವ ಪ್ರಾಣಿಯಾದ್ದರಿಂದ, ಟ್ರೇಯ ಒಂದು ತುದಿಯಲ್ಲಿ ತಾಜಾ ಒಣಹುಲ್ಲನ್ನು ಒಟ್ಟಿದರೆ, ಅಥವಾ ಕುಳಿತಲ್ಲಿಂದಲೇ ಬಾಯಿಗೆ ಎಟಕುವಂತೆ ಹುಲ್ಲಿನ ಬುಟ್ಟಿಯನ್ನು ತೂಗುಹಾಕಿದರೆ, ಅರ್ಧ ಕೆಲಸ ಮುಗಿದಂತೆಯೇ. ಬೇರೆ ಯಾವ ಉಪಾಯವೂ ಇದರಷ್ಟು ಫಲ ಕೊಡುವುದಿಲ್ಲ.

ತಳಕ್ಕೆ ಹಳೆಯ ಪತ್ರಿಕೆ, ಅದರ ಮೇಲೆ ಕಾಗದದ ಉಂಡೆಗಳು ಅಥವಾ ಹುಲ್ಲು ಸಾಕು. ಬೆಕ್ಕಿಗೆಂದು ಮಾರುವ, ಒದ್ದೆಯಾದಾಗ ಗಟ್ಟಿಕಟ್ಟುವ ಜೇಡಿಯ ಹರಳನ್ನು ಬಳಸಲೇಬಾರದು, ಏಕೆಂದರೆ ಮೊಲ ಅದನ್ನು ತಿಂದರೆ ಹೊಟ್ಟೆಯಲ್ಲಿ ಉಬ್ಬಿ ಕರುಳು ಕಟ್ಟುವ ಅಪಾಯವಿದೆ. ಪೈನ್ ಮತ್ತು ದೇವದಾರು ಜಾತಿಯ ಮರದ ಹೊಟ್ಟಿನ ಘಾಟು ಅದರ ಯಕೃತ್ತಿಗೆ ಒಳ್ಳೆಯದಲ್ಲ. ಸಾಮಿಲ್ಲಿನಿಂದ ಪುಕ್ಕಟೆ ಸಿಗುವ ಹೊಟ್ಟಿನಲ್ಲಿ ಯಾವ ಮರ ಬೆರೆತಿದೆ ಎಂದು ತಿಳಿಯುವುದಿಲ್ಲವಾದ್ದರಿಂದ ಅದನ್ನೂ ಬಿಡುವುದೇ ಲೇಸು.

ಟ್ರೇಯ ಹಾಸನ್ನು ದಿನವೂ ಬದಲಿಸಬೇಕು. ಆದರೆ ಆರಂಭದಲ್ಲಿ ನಾಲ್ಕಾರು ಹಿಕ್ಕೆಗಳನ್ನೂ ಮೂತ್ರದಲ್ಲಿ ನೆನೆದ ಕಾಗದದ ಒಂದು ಚೂರನ್ನೂ ಹೊಸ ಹಾಸಿನಲ್ಲಿ ಉಳಿಸಿದರೆ ಮೊಲಕ್ಕೆ ಜಾಗದ ಗುರುತು ಸಿಗುತ್ತದೆ. ಮೊಲದ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿರುವುದರಿಂದ ತಳದಲ್ಲಿ ಕಟ್ಟುವ ಬಿಳಿ ಕರೆಯನ್ನು ಬಿಳಿ ವಿನೆಗರ್ ಕರಗಿಸುತ್ತದೆ. ನೆಲದ ಮೇಲಿನ ಮೂತ್ರವನ್ನೂ ಅದರಿಂದಲೇ ಒರೆಸಬಹುದು, ಫಿನಾಯಿಲ್ ಬೇಡ.

ಇಷ್ಟಾದರೂ ಮನೆಯಲ್ಲಿ ಅಲ್ಲಲ್ಲಿ ಒಣ ಹಿಕ್ಕೆಗಳು ಬಿದ್ದಿದ್ದರೆ ಗಾಬರಿಪಡಬೇಕಿಲ್ಲ. ಅದು ತನ್ನ ಎಲ್ಲೆಯನ್ನು ಗುರುತಿಸುವ ಮೊಲದ ಪದ್ಧತಿ. ಮನೆಗೆ ಇನ್ನೊಂದು ಪ್ರಾಣಿ ಬಂದಾಗ, ಮನೆ ಬದಲಿಸಿದಾಗ ಹೆಚ್ಚುತ್ತದೆ. ದ್ರಾಕ್ಷಿಗೊಂಚಲಿನಂತೆ ಅಂಟಿಕೊಂಡ ಮೆತ್ತನೆಯ ಹಿಕ್ಕೆಯ ವಿಷಯ ಬೇರೆ. ಅದನ್ನು ಮೊಲ ನೇರವಾಗಿ ಮತ್ತೆ ತಿನ್ನಬೇಕು. ತಿನ್ನದೆ ಮೇಲಿಂದ ಮೇಲೆ ಬಿಡುತ್ತಿದ್ದರೆ ಹಣ್ಣು, ಬಿಸ್ಕತ್ತು, ಕಾಳುಗಳನ್ನು ತಗ್ಗಿಸಿ ಹುಲ್ಲು ಹೆಚ್ಚಿಸಬೇಕು.

ಗೋಡೆಗೂ ಮನುಷ್ಯರ ಕಾಲಿಗೂ ಮೂತ್ರ ಚಿಮುಕಿಸುವುದು, ಸುತ್ತುಹಾಕಿ ಕಾಲಿಗೆ ಏರುವುದು, ಟ್ರೇಗೆ ಕೈ ಹಾಕಿದರೆ ಗುರುಗುಟ್ಟಿ ಎರಗುವುದು ಇವೆಲ್ಲ ಬಹುಮಟ್ಟಿಗೆ ಪ್ರಾಯದ ಹಾರ್ಮೋನುಗಳ ಕೆಲಸ. ಸುಮಾರು 4ರಿಂದ 6 ತಿಂಗಳ ವಯಸ್ಸಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೇ ಇದಕ್ಕೆ ಸರಿಯಾದ ಪರಿಹಾರ. ಹೆಣ್ಣುಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವ ಅಪಾಯ ಹೆಚ್ಚಾಗಿರುವುದರಿಂದ ಅವುಗಳಿಗೆ ಇದು ಇನ್ನಷ್ಟು ಮುಖ್ಯ. ಹಾರ್ಮೋನು ತಗ್ಗಲು ಕೆಲವು ವಾರಗಳು ಬೇಕು, ಆ ಅವಧಿಯಲ್ಲಿ ಗಂಡನ್ನು ಹೆಣ್ಣಿನ ಜೊತೆ ಬಿಡುವಂತಿಲ್ಲ. ಮೊಲಕ್ಕೆ ವಾಂತಿಯಾಗುವುದಿಲ್ಲ, ಅದರ ಕರುಳೂ ನಿಲ್ಲುವಂತಿಲ್ಲ. ಹೀಗಿರುವಾಗ ಶಸ್ತ್ರಚಿಕಿತ್ಸೆಗೆ ಮುನ್ನ ರಾತ್ರಿಯೆಲ್ಲ ಉಪವಾಸವಿಡಿ ಎನ್ನುವ ವೈದ್ಯರಿದ್ದರೆ, ಮೊಲಗಳನ್ನು ನೋಡಿ ಅನುಭವವಿರುವ ಇನ್ನೊಬ್ಬರನ್ನು ಹುಡುಕುವುದು ಕ್ಷೇಮ.

ಹಾಸಿಗೆ, ಸೋಫಾಗಳ ಮೇಲೆ ಮೂತ್ರ ಮಾಡುವ ಮೊಲವನ್ನು ಕೆಲವು ವಾರ ಅವುಗಳ ಹತ್ತಿರ ಬಿಡದೆ, ಆ ಕೋಣೆಯಲ್ಲಿ ಎರಡನೆಯ ಟ್ರೇ ಇಡಬೇಕು. ಹೊಡೆಯುವುದರಿಂದ ಅಥವಾ ಮೂತಿಯನ್ನು ಮೂತ್ರಕ್ಕೆ ತಿಕ್ಕುವುದರಿಂದ ಅದು ಟ್ರೇಯನ್ನು ಕಲಿಯುವುದಿಲ್ಲ, ನಮಗೆ ಹೆದರುವುದನ್ನು ಕಲಿಯುತ್ತದೆ. ತಪ್ಪು ಜಾಗದಲ್ಲಿ ಬಾಲವೆತ್ತಿ ಕುಳಿತದ್ದು ಕಂಡರೆ ಮೆಲ್ಲಗೆ ಟ್ರೇಯ ಕಡೆಗೆ ಅಟ್ಟಿದರಾಯಿತು. ಮೊಲ ಟ್ರೇಯಲ್ಲಿಯೇ ಮಲಗಿದರೆ ಮಲಗಲಿ, ಅದು ದೋಷವಲ್ಲ.

ತಿಂಗಳುಗಟ್ಟಲೆ ಸರಿಯಾಗಿದ್ದ ಮೊಲ ಏಕಾಏಕಿ ಟ್ರೇ ತಪ್ಪಿದರೆ ಮೊದಲು ಅನುಮಾನಿಸಬೇಕಾದುದು ಕಾಯಿಲೆಯನ್ನು: ಮೂತ್ರನಾಳದ ಸೋಂಕು, ಮೂತ್ರಕೋಶದಲ್ಲಿ ಕಲ್ಲು ಅಥವಾ ಸುಣ್ಣದಂಥ ರಾಡಿ. ಕೇಸರಿ ಅಥವಾ ಕೆಂಪು ಮೂತ್ರ ಎಷ್ಟೋ ಸಲ ತಿಂದ ಸೊಪ್ಪಿನ ಬಣ್ಣವಷ್ಟೇ. ಆದರೆ ಮೊಲ ಮೂತ್ರ ಮಾಡಲು ತಿಣುಕುತ್ತಿದ್ದರೆ, ಹಿಂಗಾಲುಗಳ ನಡುವೆ ಸದಾ ಒದ್ದೆಯಿದ್ದರೆ ವೈದ್ಯರಿಗೆ ತೋರಿಸಬೇಕು. ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಕುಳಿತಿದ್ದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ವಯಸ್ಸಾದ ಮೊಲಕ್ಕೆ ಕೀಲುನೋವಿನಿಂದ ಟ್ರೇಯ ಅಂಚು ಹತ್ತಲಾಗದೆ ಪಕ್ಕದಲ್ಲಿಯೇ ಮೂತ್ರವಾಗುವುದುಂಟು; ಟಬ್ಬಿನ ಒಂದು ಬದಿಯನ್ನು ನೆಲದಿಂದ ಎರಡು ಬೆರಳಿನಷ್ಟು ಎತ್ತರಕ್ಕೆ ಕತ್ತರಿಸಿ, ಅಂಚು ತರಚದಂತೆ ಉಜ್ಜಿ ನುಣುಪು ಮಾಡಿಕೊಟ್ಟರೆ ಅದು ಮತ್ತೆ ಒಳಗೆ ಹೋಗುತ್ತದೆ.