ಲೈಬ್ರರಿ ಸುದ್ದಿಗೆ ಗ್ರೂಪ್ ಬೇಡ, ಚಾನೆಲ್ ಮಾಡಿ

ಕೊಡಗಿನ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವವರಿಗೆ ಒಂದು ಸಲಹೆ. ಹೊಸ ಪುಸ್ತಕ ಬಂದಿದೆ ಎಂದು ತಿಳಿಸಲು ವಾಟ್ಸ್ಆ್ಯಪ್ ಗ್ರೂಪ್ ಬದಲು ಚಾನೆಲ್ ಮಾಡಿ. ಚಾನೆಲ್ ಅಂದರೆ ನಡೆಸುವವರು ಮಾತ್ರ ಸುದ್ದಿ ಹಾಕುವ, ಉಳಿದವರು ಓದುವ ಜಾಗ. ಗ್ರೂಪಿನಲ್ಲಿ ಓದಲು ಬರುವ ಹೆಣ್ಣುಮಕ್ಕಳ ನಂಬರ್ ಎಲ್ಲರಿಗೂ ಕಾಣುತ್ತದೆ. ಅದು ಸರಿಯಲ್ಲ ಅಲ್ವಾ? ಚಾನೆಲ್‌ನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಬೇರೆಯವರು ಅದರಲ್ಲಿ ಸುಮ್ನೆ ಏನೇನೋ ಫಾರ್ವರ್ಡ್ ತಂದು ಹಾಕಲೂ ಆಗದು. ಅಪ್‌ಡೇಟ್ಸ್ ಟ್ಯಾಬ್‌ನಲ್ಲಿ ಪ್ಲಸ್ ಗುರುತು ಒತ್ತಿ ಶುರು ಮಾಡಬಹುದು.

ಮಳೆಗಾಲದಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಹಾಗಾಗಿ ವಿಡಿಯೋ ಬೇಡ. ಪುಸ್ತಕ, ಲೇಖಕರ ಹೆಸರು ಟೈಪ್ ಮಾಡಿ. ಜೊತೆಗೆ ಮುಖಪುಟದ ಒಂದು ಫೋಟೊ ಸಾಕು.

ಚಾನೆಲನ್ನು ಯಾರು ಬೇಕಾದರೂ ನೋಡಬಹುದು. ಮಕ್ಕಳ ಫೋಟೊ ದಯವಿಟ್ಟು ಹಾಕಬೇಡಿ.